ಓಬನ್ ಬಂದರು ಮತ್ತು ಸುತ್ತಲಿನ ದ್ವೀಪಗಳು: ಊರಿಂದ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಗ್ಲಾಸ್ಗೋದಲ್ಲಿ ಇರುವುದು ಅಂತ ಗೊತ್ತಾದ ಮೇಲೆ ಊರಿಂದ ಬರುವ ನೆಂಟರು, ಲಂಡನ್ ಕಡೆಯ ಕನ್ನಡದವರು, ಅವರ ಫ್ರೆಂಡ್ಸು ಎಲ್ಲ ಕೇಳುವುದು ಹೆಚ್ಚುಕಡಿಮೆ ಇದೇ ಪ್ರಶ್ನೆಗಳು. ಪ್ರತಿ ಸಲ ವಾಯ್ಸ್ ಮೆಸೇಜ್ ಕಳಿಸುವ ಬದಲು ಒಂದೇ ಕಡೆ ಬರೆದಿಡುವ ಅಂತ ಕೂತೆ. ನಾನು ಮಲ್ಪೆ ಹತ್ತಿರ ಹುಟ್ಟಿ ಬೆಳೆದವನು, ಬಂದರು ದೋಣಿ ಅಂದ್ರೆ ಜೀವ, ಹಾಗಾಗಿ ಸಮುದ್ರದ ವಿಷಯ ಬಂದಲ್ಲೆಲ್ಲ ಉತ್ತರ ಉದ್ದ ಆಗಿದೆ, ಓದಿ.

ಓಬನ್ ಎಲ್ಲಿ ಉಂಟು? ಹೆಸರು ಹೇಗೆ ಹೇಳುವುದು?

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, ಆರ್ಗೈಲ್ ಅನ್ನುವ ಪ್ರದೇಶದಲ್ಲಿ. 'ಓ' ಮೇಲೆ ಒತ್ತು ಕೊಟ್ಟು ಓಬನ್ ಅಂತ ಹೇಳಿ, ಒಬಾನ್ ಅಲ್ಲ. ಗೇಲಿಕ್ ಭಾಷೆಯಲ್ಲಿ ಇದರ ಅರ್ಥ ಸಣ್ಣ ಕೊಲ್ಲಿ. ಬಾಗಿದ ದಡ, ಹಿಂದೆ ಗುಡ್ಡ, ಎದುರಿಗೆ ಕೆರೆರಾ ದ್ವೀಪ ಅಡ್ಡ ಮಲಗಿ ಅಟ್ಲಾಂಟಿಕ್ ಅಲೆಯನ್ನೆಲ್ಲ ತಡೆದು ನಿಲ್ಲಿಸ್ತದೆ, ಅದಕ್ಕೇ ಒಳಗೆ ನೀರು ಕೆರೆಯ ಹಾಗೆ ಶಾಂತ. ಜನಸಂಖ್ಯೆ 8000 ಚಿಲ್ಲರೆ ಅಷ್ಟೇ, ಆದ್ರೆ ಮಲ್, ಲಿಸ್ಮೋರ್, ಕಾಲನ್ಸೇ, ಕಾಲ್, ಟೈರೀ, ಬಾರಾ ಇಷ್ಟೂ ದ್ವೀಪಗಳಿಗೆ ಇಲ್ಲಿಂದಲೇ ಫೆರ್ರಿ ಹೊರಡುವುದು, ಹಾಗಾಗಿ ಊರು ಸಣ್ಣದಾದ್ರೂ ಬಂದರು ಯಾವತ್ತೂ ಖಾಲಿ ಕೂರುವುದಿಲ್ಲ.

ಎಲ್ರೂ ಸ್ಕೈ ದ್ವೀಪಕ್ಕೆ ಹೋಗ್ತಾರಲ್ಲ, ನೀವು ಯಾಕೆ ಓಬನ್ ಓಬನ್ ಅಂತೀರಿ?

ಸ್ಕೈ ಚಂದವೇ, ಇಲ್ಲ ಅನ್ನುವುದಿಲ್ಲ. ಆದ್ರೆ ಅಪ್ಪ ಅಮ್ಮನನ್ನೋ ಸಣ್ಣ ಮಕ್ಕಳನ್ನೋ ಕರ್ಕೊಂಡು ಬರುವವರಿಗೆ ಅಲ್ಲಿ ದಿನವಿಡೀ ಕಾರಿನಲ್ಲೇ ಕೂರಬೇಕಾಗ್ತದೆ. ಓಬನಿನಲ್ಲಿ ರೈಲು ನಿಲ್ಲುವ ಜಾಗದಿಂದ ಫೆರ್ರಿ ಹತ್ತುವ ಜಾಗಕ್ಕೆ ಎರಡು ನಿಮಿಷ ನಡೆದ್ರೆ ಸಾಕು, ಅಂಗಡಿ ಹೋಟೆಲು ಎಲ್ಲ ಸಮುದ್ರದ ಪಕ್ಕದ ಒಂದೇ ರಸ್ತೆಯಲ್ಲಿ, ಕಾರೇ ಇಲ್ಲದೆ ನಾಲ್ಕು ದಿನ ಆರಾಮ ಕಳೀಬಹುದು. ಇನ್ನೊಂದು ವಿಷಯ, ಇದು ಟೂರಿಸ್ಟರಿಗೆ ಅಂತ ಕಟ್ಟಿಟ್ಟ ಊರಲ್ಲ. ದ್ವೀಪದವರು ಶಾಪಿಂಗಿಗೆ, ಆಸ್ಪತ್ರೆಗೆ, ಕುರಿ ಮಾರ್ಲಿಕ್ಕೆ ಬರುವ ಪೇಟೆ. ಫೆರ್ರಿ ಬಂದು ಮುಂದಿನ ಬಾಯಿ ತೆರೆದಾಗ ಮೊದಲು ಇಳಿಯುವುದು ಕುರಿ ತುಂಬಿದ ಟ್ರೇಲರು, ಹಾಲಿನ ಲಾರಿ, ಆಮೇಲೆ ನಮ್ಮಂಥವರ ಕಾರು. ಅದನ್ನು ನೋಡ್ತಾ ನಿಂತ್ರೆ ನನಗೆ ಗಂಗೊಳ್ಳಿ ದಕ್ಕೆಯಲ್ಲಿ ನಿಂತ ಹಾಗೇ ಆಗ್ತದೆ.

ಎಷ್ಟು ದಿನ ಬೇಕು? ಒಂದು ರಾತ್ರಿ ಸಾಕಲ್ವಾ?

ಸಾಕಾಗುವುದಿಲ್ಲ. ಈ ಪುಟದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದ್ರೆ ಇದನ್ನು ನೆನಪಿಡಿ: ಓಬನಿನಲ್ಲಿ ಪ್ಲಾನ್ ಮಾಡುವುದು ನಾವಲ್ಲ, ಗಾಳಿ. ನೀವು ಮಂಗಳವಾರ ಸ್ಟಾಫಾ ದ್ವೀಪ ಅಂತ ಬರೆದಿಟ್ಟಿರ್ತೀರಿ, ಮಂಗಳವಾರ ಅಲೆ ಜೋರಿದ್ರೆ ಬೋಟ್ ಹೋಗುವುದಿಲ್ಲ, ಹೋದ್ರೂ ದ್ವೀಪದಲ್ಲಿ ಇಳಿಸ್ಲಿಕ್ಕೆ ಆಗುವುದಿಲ್ಲ. ಒಂದೇ ರಾತ್ರಿ ಇದ್ದವರು ಅಲ್ಲಿಗೆ ಮುಗೀತು ಅಂತ ಬೇಜಾರಿನಲ್ಲಿ ವಾಪಸ್ ಹೋಗ್ತಾರೆ. ಮೂರು ರಾತ್ರಿ ಇದ್ರೆ ಬುಧವಾರವೋ ಗುರುವಾರವೋ ಸಮುದ್ರ ತಣ್ಣಗಾಗ್ತದೆ. ನನ್ನ ಲೆಕ್ಕದಲ್ಲಿ ಕಡಿಮೆ ಅಂದ್ರೆ 3 ರಾತ್ರಿ, ಆಗುವುದಾದ್ರೆ 4. ಯಾವ ದಿನ ಎಲ್ಲಿಗೆ ಅಂತ ಊರಲ್ಲೇ ಕೂತು ಗಟ್ಟಿ ಮಾಡ್ಬೇಡಿ, ದ್ವೀಪಕ್ಕೆ ಎರಡು ದಿನ, ಊರಿಗೆ ಎರಡು ದಿನ ಅಂತ ಇಟ್ಕೊಂಡು ಹಿಂದಿನ ರಾತ್ರಿ ಹವಾಮಾನ ನೋಡಿ ಅದಲು ಬದಲು ಮಾಡಿ.

ವೀಸಾ?

ಇಂಡಿಯನ್ ಪಾಸ್‌ಪೋರ್ಟಿಗೆ ಯುಕೆ ವಿಸಿಟರ್ ವೀಸಾ ಬೇಕು, ಸ್ಕಾಟ್ಲೆಂಡಿಗೆ ಬೇರೆ ಅಂತ ಇಲ್ಲ. ಶೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ, ಪ್ಯಾರಿಸ್ ಟ್ರಿಪ್ಪಿನ ಜೊತೆ ಸೇರಿಸುವವರು ಇದನ್ನು ಮರೀತಾರೆ. ಹೊರಡುವ ದಿನಕ್ಕಿಂತ 3 ತಿಂಗಳು ಮೊದಲಿಂದ ಅರ್ಜಿ ಹಾಕ್ಬಹುದು.

ಗ್ಲಾಸ್ಗೋದಿಂದ ಹೇಗೆ ಬರುವುದು?

ರೈಲಿನಲ್ಲೇ ಬನ್ನಿ, ದಯವಿಟ್ಟು. ಗ್ಲಾಸ್ಗೋ ಕ್ವೀನ್ ಸ್ಟ್ರೀಟ್ ಸ್ಟೇಷನ್ನಿಂದ ಮೂರು ಗಂಟೆ ಮೇಲೆ ಸ್ವಲ್ಪ ಹಿಡೀತದೆ. ದಿನಕ್ಕೆ ಕೆಲವೇ ಟ್ರೈನ್ ಇರುವುದು, ಟೈಮ್ ನೋಡಿಕೊಂಡೇ ಹೊರಡಿ. ಒಂದು ಎಚ್ಚರಿಕೆ: ಎಷ್ಟೋ ಟ್ರೈನುಗಳು ಕ್ರಿಯನ್‌ಲಾರಿಕ್ ಅನ್ನುವ ಸ್ಟೇಷನ್ನಿನಲ್ಲಿ ಎರಡು ತುಂಡಾಗ್ತವೆ, ಒಂದು ತುಂಡು ಓಬನಿಗೆ, ಇನ್ನೊಂದು ಫೋರ್ಟ್ ವಿಲಿಯಂ ದಾಟಿ ಮಲೇಗಿಗೆ. ಹತ್ತುವಾಗಲೇ ಯಾವ ಬೋಗಿ ಅಂತ ಕೇಳಿ ಕೂತ್ಕೊಳ್ಳಿ.

ಎಡಗಡೆ ಕಿಟಕಿ ಹಿಡೀರಿ. ಮೊದಲು ಸಮುದ್ರದ ಹಿನ್ನೀರು, ಆಮೇಲೆ ಸ್ವಲ್ಪ ಹೊತ್ತು ಲಾಖ್ ಲೋಮಂಡ್ ಸರೋವರ ಬಲಗಡೆ ಬರ್ತದೆ, ಆಗ ಎದ್ದು ನಿಂತು ನೋಡಿ, ಮುಂದೆ 'ಲಾಖ್ ಆ' ಅನ್ನುವ ಇನ್ನೊಂದು ಸರೋವರದ ತುದಿಯಲ್ಲಿ ಕಿಲ್‌ಖರ್ನ್ ಕೋಟೆ ಹಾಳು ಬಿದ್ದು ನೀರಿನಲ್ಲಿ ನೆರಳು ಬಿಟ್ಟುಕೊಂಡು ನಿಂತಿರುವುದು ಎಡಗಡೆಯೇ. ಅದು ದಾಟಿದ ಮೇಲೆ ಬ್ರ್ಯಾಂಡರ್ ಕಣಿವೆ. ಅಲ್ಲಿ ಹಳಿಯ ಪಕ್ಕ ಗುಡ್ಡದ ಬದಿಗೆ ಸಾಲಾಗಿ ತಂತಿ ಎಳೆದಿರುವುದು ಕಾಣ್ತದೆ. 1880ರಲ್ಲಿ ಓಬನಿಗೆ ರೈಲು ಬಂತು, ಸ್ವಲ್ಪ ಸಮಯದಲ್ಲೇ ಗುಡ್ಡದಿಂದ ಬಂಡೆ ಉರುಳಿ ತೊಂದರೆ ಆಯ್ತು, ಆಗ ರೈಲ್ವೆ ಕಂಪನಿಯ ಸೆಕ್ರೆಟರಿ ಜಾನ್ ಆಂಡರ್ಸನ್ ಈ ಉಪಾಯ ಮಾಡಿದ್ದು: ಬಂಡೆ ಬಿದ್ದು ತಂತಿ ತುಂಡಾದ್ರೆ ಸಿಗ್ನಲ್ ತನ್ನಿಂತಾನೇ ಅಪಾಯ ಅಂತ ತೋರಿಸ್ತದೆ. ಗಾಳಿಗೆ ತಂತಿ ಗುಂಯ್ ಅಂತ ಹಾಡ್ತದೆ ಅಂತ ಇದಕ್ಕೆ ಆಂಡರ್ಸನ್ ಪಿಯಾನೋ ಅಂತಲೇ ಹೆಸರು. ಮಳೆಗಾಲದಲ್ಲಿ ಕೊಂಕಣ ರೈಲ್ವೆಯಲ್ಲಿ ಗುಡ್ಡ ಜರಿಯುವ ಸುದ್ದಿ ಕೇಳಿ ಬೆಳೆದ ನಮಗೆ ಇದರ ಬೆಲೆ ಬೇಗ ಅರ್ಥ ಆಗ್ತದೆ.

ಬಸ್ಸೂ ಉಂಟು, ಗ್ಲಾಸ್ಗೋ ಬುಕಾನನ್ ಬಸ್ ಸ್ಟೇಷನ್ನಿಂದ.

ಕಾರ್ ತಗೊಂಡ್ರೆ ಕಷ್ಟ ಆಗ್ತದಾ?

ನಮ್ಮ ಹಾಗೇ ಎಡಗಡೆ ಡ್ರೈವಿಂಗು, ಇಂಡಿಯನ್ ಲೈಸೆನ್ಸ್ 12 ತಿಂಗಳು ನಡೀತದೆ. ಗ್ಲಾಸ್ಗೋದಿಂದ ಸುಮಾರು 150 ಕಿ.ಮೀ., ಎರಡೂವರೆ ಗಂಟೆ ಅಂತ ಮ್ಯಾಪ್ ಹೇಳಿದ್ರೂ ಮೂರು ಇಟ್ಕೊಳ್ಳಿ, ಲೋಮಂಡ್ ಪಕ್ಕದ ರಸ್ತೆ ಕಿರಿದು.

ದ್ವೀಪಗಳಲ್ಲಿ ಮಾತ್ರ ಒಂದೇ ಗಾಡಿ ಹೋಗುವಷ್ಟು ರಸ್ತೆ. ಅಲ್ಲಲ್ಲಿ ಸ್ವಲ್ಪ ಅಗಲ ಮಾಡಿ ಪಾಸಿಂಗ್ ಪ್ಲೇಸ್ ಅಂತ ಬೋರ್ಡ್ ಇಟ್ಟಿರ್ತಾರೆ. ಅದು ನಿಮ್ಮ ಎಡಕ್ಕೆ ಇದ್ರೆ ಒಳಗೆ ಹೋಗಿ ನಿಲ್ಲಿ, ಬಲಕ್ಕೆ ಇದ್ರೆ ಅದರ ಎದುರಿಗೆ ರಸ್ತೆಯಲ್ಲೇ ನಿಲ್ಲಿ, ಎದುರಿನವರು ಅದರೊಳಗೆ ಹೋಗಿ ದಾಟ್ತಾರೆ. ದಾಟಿದವರಿಗೆ ಕೈ ಎತ್ತಿ ಥ್ಯಾಂಕ್ಸ್ ಹೇಳುವುದು ಇಲ್ಲಿಯ ಮರ್ಯಾದೆ. ಹಿಂದಿನಿಂದ ಊರಿನವರ ಗಾಡಿ ಅಂಟಿಕೊಂಡು ಬಂದ್ರೆ ಅವರಿಗೂ ಜಾಗ ಬಿಡಿ, ಅವರು ಕೆಲಸಕ್ಕೋ ಫೆರ್ರಿಗೋ ಹೊರಟವರು. ಫೋಟೋ ತೆಗೀಲಿಕ್ಕೆ ಅಲ್ಲಿ ಗಾಡಿ ನಿಲ್ಲಿಸ್ಬೇಡಿ, ಯಾವತ್ತೂ.

ಕುಡಿದು ಓಡಿಸುವ ಮಿತಿ ಸ್ಕಾಟ್ಲೆಂಡಿನಲ್ಲಿ ಇಂಗ್ಲೆಂಡಿಗಿಂತ ಕಡಿಮೆ, 100 ಮಿ.ಲೀ. ರಕ್ತಕ್ಕೆ 50 ಮಿ.ಗ್ರಾಂ. ಒಂದು ಬಿಯರ್ ಅಂತಲೂ ರಿಸ್ಕ್ ತಗೊಳ್ಳುವುದು ಬೇಡ.

ಯಾವ ತಿಂಗಳು ಒಳ್ಳೇದು? ಮಳೆ ಜಾಸ್ತಿಯಾ?

ನನ್ನ ಓಟು ಮೇ ತಿಂಗಳಿಗೆ, ಅದಾದ ಮೇಲೆ ಸೆಪ್ಟೆಂಬರ್. ಮಳೆ ಲೆಕ್ಕ ಹಾಕಿದ್ರೆ ಉಡುಪಿಯ ಅರ್ಧದಷ್ಟೂ ಬೀಳುವುದಿಲ್ಲ, ಆದ್ರೆ ನಮ್ಮಲ್ಲಿ ಆಟಿ ತಿಂಗಳು ಮುಗಿದು ಸೋಣ ತಿಂಗಳು ಬಂತು ಅಂದ್ರೆ ಮಳೆ ಕಡಿಮೆ ಆಗ್ತಾ ಹೋಗ್ತದೆ, ಇಲ್ಲಿ ಹಾಗಿಲ್ಲ, ವರ್ಷವಿಡೀ ಸ್ವಲ್ಪ ಸ್ವಲ್ಪ ಹನಿ ಹಾಕ್ತಾ ಇರ್ತದೆ. ಬೆಳಿಗ್ಗೆ ಬಿಸಿಲು, ಹನ್ನೊಂದಕ್ಕೆ ಮಳೆ, ಹನ್ನೆರಡಕ್ಕೆ ಕಾಮನಬಿಲ್ಲು, ಇದು ಮಾಮೂಲು. ಕೊಡೆ ತರ್ಬೇಡಿ, ಗಾಳಿಗೆ ಉಲ್ಟಾ ಆಗ್ತದೆ. ಟೊಪ್ಪಿ ಇರುವ ಒಳ್ಳೆ ರೈನ್‌ಕೋಟ್ ತನ್ನಿ. ಜುಲೈನಲ್ಲೂ ಸ್ವೆಟರ್ ಬೇಕು, 17 ಡಿಗ್ರಿ ಬಂದ್ರೆ ಇಲ್ಲಿಯವರು ಸೆಖೆ ಅಂತ ಐಸ್‌ಕ್ರೀಂ ತಿಂತಾರೆ.

ಜೂನಿನಲ್ಲಿ ರಾತ್ರಿ 10 ದಾಟಿದ ಮೇಲೆ ಸೂರ್ಯ ಮುಳುಗುವುದು, ಮಕ್ಕಳನ್ನು ಮಲಗಿಸುವುದೇ ಕಷ್ಟ. ಡಿಸೆಂಬರಿನಲ್ಲಿ ನಾಲ್ಕು ಗಂಟೆ ಒಳಗೆ ಕತ್ತಲೆ, ಬೋಟ್ ಟ್ರಿಪ್ಪುಗಳೆಲ್ಲ ಬಂದ್, ಮೊದಲ ಸಲ ಬರುವವರಿಗೆ ಆ ಸಮಯ ಬೇಡ.

ಮಿಜ್ ಅಂದ್ರೆ ಎಂತದು? ಸೊಳ್ಳೆಯಾ?

ಸೊಳ್ಳೆಗಿಂತ ತುಂಬ ಸಣ್ಣದು, ನೊರಜಿನ ಹಾಗೆ ಗುಂಪು ಗುಂಪಾಗಿ ಬರ್ತದೆ. ಕಚ್ಚಿದ್ರೆ ರೋಗ ಬರುವುದಿಲ್ಲ, ತುರಿಕೆ ಮಾತ್ರ ಎರಡು ದಿನ ಬಿಡುವುದಿಲ್ಲ. ಮೇ ಕೊನೆಯಿಂದ ಸೆಪ್ಟೆಂಬರ್ ತನಕ, ಗಾಳಿ ಇಲ್ಲದ ಮೋಡದ ಸಂಜೆ ಇವುಗಳ ಹೊತ್ತು. ಸಮುದ್ರದ ಗಾಳಿ ಇರುವುದರಿಂದ ಓಬನ್ ಪೇಟೆಯಲ್ಲಿ ಕಡಿಮೆ, ಕಾಡು, ಕಣಿವೆ ಕಡೆ ಹೋದ್ರೆ ಜಾಸ್ತಿ. ಸ್ಮಿಜ್ ಅಂತ ಒಂದು ಸ್ಪ್ರೇ ಮೆಡಿಕಲ್ ಶಾಪಿನಲ್ಲಿ ಸಿಗ್ತದೆ, ತಗೊಳ್ಳಿ.

ಗುಡ್ಡದ ಮೇಲೆ ರೋಮಿನ ಕೊಲೋಸಿಯಂ ಹಾಗೆ ಕಾಣುವುದು ಎಂತದು?

ಫೋಟೋ ನೋಡಿದವರೆಲ್ಲ ಮೊದಲು ಕೇಳುವುದು ಇದನ್ನೇ. ಅದು ಮೆಕೇಗ್ಸ್ ಟವರ್. ಜಾನ್ ಸ್ಟುವರ್ಟ್ ಮೆಕೇಗ್ ಅಂತ ಊರಿನ ಬ್ಯಾಂಕರ್ 1897ರಲ್ಲಿ ಕಟ್ಟಿಸ್ಲಿಕ್ಕೆ ಶುರು ಮಾಡಿದ್ದು, ಚಳಿಗಾಲದಲ್ಲಿ ಕೆಲಸ ಇಲ್ಲದ ಕಲ್ಲುಕುಟಿಗರಿಗೆ ಕೂಲಿ ಸಿಗ್ಲಿ, ತನ್ನ ಮನೆತನದ ಹೆಸರೂ ಉಳೀಲಿ ಅಂತ. 1902ರಲ್ಲಿ ಅವರು ತೀರಿಹೋದ್ರು, ಕೆಲಸ ಅಲ್ಲಿಗೇ ನಿಂತಿತು. ಒಳಗೆ ಮನೆಯವರ ಮೂರ್ತಿಗಳನ್ನು ನಿಲ್ಲಿಸ್ಬೇಕು ಅಂತ ವಿಲ್ ಬರೆದಿಟ್ಟಿದ್ರು, ತಂಗಿಯೇ ಕೋರ್ಟಿಗೆ ಹೋಗಿ ಅದನ್ನು ರದ್ದು ಮಾಡಿಸಿದಳು. ಹಾಗಾಗಿ ಇವತ್ತು ಇರುವುದು ಹೊರಗಿನ ಸುತ್ತುಗೋಡೆ ಮಾತ್ರ, 94 ಕಮಾನು, ಒಳಗೆ ಆಕಾಶಕ್ಕೆ ತೆರೆದ ತೋಟ. ಟಿಕೆಟ್ ಇಲ್ಲ.

ಪೇಟೆಯಿಂದ ಜೇಕಬ್ಸ್ ಲ್ಯಾಡರ್ ಅನ್ನುವ 144 ಮೆಟ್ಟಿಲು ಹತ್ತಿ ಹೋಗ್ಬಹುದು, ಮೊಣಕಾಲು ನೋವಿನವರಿಗೆ ಟ್ಯಾಕ್ಸಿ ಮೇಲಿನ ತನಕ ಹೋಗ್ತದೆ. ಸಂಜೆ ಹೊತ್ತಿಗೆ ಹೋಗಿ. ಪಶ್ಚಿಮದ ಕಮಾನಿನಲ್ಲಿ ನಿಂತ್ರೆ ಕೆಳಗೆ ಕೊಲ್ಲಿ, ಆಚೆ ಕೆರೆರಾ, ಅದರಾಚೆ ಮಲ್ ದ್ವೀಪದ ಗುಡ್ಡಗಳು ಒಂದರ ಹಿಂದೆ ಒಂದು ನೀಲಿಯಾಗ್ತಾ ಹೋಗ್ತವೆ.

ಊರೊಳಗೆ ಮತ್ತೆಂತ ಉಂಟು?

ಪೇಟೆ ಮಧ್ಯದಲ್ಲೇ 1794ರ ವಿಸ್ಕಿ ಡಿಸ್ಟಿಲರಿ, ಎರಡೇ ಹಂಡೆ ಇರುವ ಸಣ್ಣದು. ಊರು ಬೆಳೆದದ್ದೇ ಅದರ ಸುತ್ತ. ಕುಡಿಯದವರಿಗೂ ಟೂರ್ ಬೇಜಾರಾಗುವುದಿಲ್ಲ, ಬಾರ್ಲಿ ಬೆಂದು ಹುಳಿ ಬರುವ ವಾಸನೆ ಬಾಗಿಲಲ್ಲೇ ಮೂಗಿಗೆ ಬಡೀತದೆ. ಮೊದಲೇ ಬುಕ್ ಮಾಡಿ.

ಸಮುದ್ರದ ಪಕ್ಕ ಉತ್ತರಕ್ಕೆ ನಡೀತಾ ಹೋದ್ರೆ ಸೇಂಟ್ ಕೊಲಂಬಾ ಕೆಥೀಡ್ರಲ್, ಗುಲಾಬಿ ಬಣ್ಣದ ಗ್ರಾನೈಟು. ಬ್ರಿಟನ್ನಿನ ಕೆಂಪು ಟೆಲಿಫೋನ್ ಬೂತ್ ಡಿಸೈನ್ ಮಾಡಿದ ಜೈಲ್ಸ್ ಗಿಲ್ಬರ್ಟ್ ಸ್ಕಾಟ್ ಅವರೇ ಇದನ್ನೂ ಮಾಡಿದ್ದು. ಇನ್ನೂ ಮುಂದೆ ರಸ್ತೆ ಬದಿಯಲ್ಲಿ ಕೆಳಗೆ ಸಣ್ಣ ಆಗಿ ಮೇಲೆ ದಪ್ಪ ಆಗಿರುವ ಒಂದು ಕಲ್ಲು ಕಂಬ. ನಾಯಿಕಲ್ಲು ಅಂತ ಹೆಸರು: ಫಿಂಗಲ್ ಅನ್ನುವ ವೀರ ತನ್ನ ನಾಯಿ ಬ್ರಾನನ್ನು ಇದಕ್ಕೇ ಕಟ್ಟುತ್ತಿದ್ದ, ನಾಯಿ ಸುತ್ತಿ ಸುತ್ತಿ ಹಗ್ಗ ತಿಕ್ಕಿ ಬುಡ ಸವೆಯಿತು ಅಂತ ಕಥೆ. ಮಕ್ಕಳಿಗೆ ಈ ಕಥೆ ಹೇಳಿ ಕರ್ಕೊಂಡು ಹೋಗಿ. ಅಲ್ಲೇ ಮೇಲೆ ಡನಾಲಿ ಕೋಟೆ, ಮೆಕ್‌ಡೂಗಲ್ ಮನೆತನದ್ದು. ಇನ್ನೂ ಉತ್ತರಕ್ಕೆ ಅದೇ ಮನೆತನ 13ನೇ ಶತಮಾನದಲ್ಲಿ ಕಟ್ಟಿದ ಡನ್‌ಸ್ಟಾಫ್ನೇಜ್ ಕೋಟೆ, 1308ರ ಸುಮಾರಿಗೆ ರಾಬರ್ಟ್ ಬ್ರೂಸ್ ರಾಜ ಇದನ್ನು ವಶ ಮಾಡ್ಕೊಂಡ. ಬೀಚ್ ಬೇಕಾದ್ರೆ ಗನಾವನ್, ಪೇಟೆಯಿಂದ 3 ಕಿ.ಮೀ., ನೀರು ಮಾತ್ರ ಐಸು.

ಮಲ್ ದ್ವೀಪಕ್ಕೆ ಹೋಗಿ ಒಂದೇ ದಿನದಲ್ಲಿ ಬರ್ಬಹುದಾ?

ಬರ್ಬಹುದು. ಓಬನ್ನಿಂದ ಕ್ರೆಗ್ನೂರ್ ಅನ್ನುವ ದಕ್ಕೆಗೆ ಕ್ಯಾಲ್‌ಮ್ಯಾಕ್ ಅನ್ನುವ ಕಂಪನಿಯ ಫೆರ್ರಿಯಲ್ಲಿ ಮುಕ್ಕಾಲು ಗಂಟೆ, ಸ್ವಲ್ಪ ಜಾಸ್ತಿ. ನಡೆದು ಹತ್ತುವವರಿಗೆ ಸಾಧಾರಣ ಜಾಗ ಸಿಗ್ತದೆ, ಕಾರ್ ತಗೊಂಡು ಹೋಗುವವರು ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡ್ಬೇಕು. ಒಮ್ಮೆ ನಾನು ಒಂದು ವಾರ ಮೊದಲು ಬುಕ್ ಮಾಡ್ಲಿಕ್ಕೆ ಹೋಗಿ ಕಾರಿಗೆ ಜಾಗ ಇರ್ಲಿಲ್ಲ, ಆ ಸಲ ಬಸ್ಸಲ್ಲಿ ಹೋದದ್ದೇ ಚಂದ ಆಯ್ತು, ಕಿಟಕಿ ಬದಿ ಕೂತು ಪೂರ್ತಿ ದ್ವೀಪ ನೋಡಿದೆ.

ದ್ವೀಪದಲ್ಲಿ ಎರಡು ದಾರಿ. ಉತ್ತರಕ್ಕೆ ಹೋದ್ರೆ ಟೋಬರ್‌ಮೋರಿ, ಕೆಂಪು ಹಳದಿ ನೀಲಿ ಬಣ್ಣದ ಮನೆಗಳ ಸಾಲು ಇರುವ ಸಣ್ಣ ಬಂದರು, ಕ್ಯಾಲೆಂಡರಿನಲ್ಲಿ ನೋಡಿರ್ತೀರಿ. ಪಶ್ಚಿಮಕ್ಕೆ 60 ಕಿ.ಮೀ. ಹೋದ್ರೆ ಫಿಯೊನ್‌ಫರ್ಟ್, ಅಲ್ಲಿಂದ ಐಯೋನಾಕ್ಕೆ ಹತ್ತು ನಿಮಿಷದ ಫೆರ್ರಿ. ಒಂದೇ ದಿನದಲ್ಲಿ ಎರಡೂ ಮಾಡ್ಲಿಕ್ಕೆ ಹೋಗ್ಬೇಡಿ.

ಐಯೋನಾದಲ್ಲಿ ನೋಡುವಂಥದ್ದು ಎಂತ?

563ರಲ್ಲಿ ಐರ್ಲೆಂಡಿನಿಂದ ಕೊಲಂಬಾ ಅನ್ನುವ ಸಂತ ಹನ್ನೆರಡು ಜನರ ಜೊತೆ ದೋಣಿಯಲ್ಲಿ ಬಂದು ಮಠ ಕಟ್ಟಿದ ಜಾಗ. ಸ್ಕಾಟ್ಲೆಂಡಿಗೆ ಕ್ರೈಸ್ತ ಧರ್ಮ ಹರಡಿದ್ದು ಹೆಚ್ಚಾಗಿ ಇಲ್ಲಿಂದ. ಬುಕ್ ಆಫ್ ಕೆಲ್ಸ್ ಅಂತ ಡಬ್ಲಿನ್ನಿನಲ್ಲಿ ಇಟ್ಟಿರುವ ಚಿತ್ರಾಲಂಕಾರದ ಹಸ್ತಪ್ರತಿ ಇಲ್ಲೇ ಶುರುವಾದದ್ದು ಅಂತ ತುಂಬ ಪಂಡಿತರ ಅಭಿಪ್ರಾಯ. ವೈಕಿಂಗರು 806ರಲ್ಲಿ ಬಂದು 68 ಜನರನ್ನು ಕೊಂದ್ರು, ಆದ್ರೂ ಜಾಗ ಉಳೀತು. ಅಬೆಯ, ಅಂದ್ರೆ ಮಠದ ಚರ್ಚಿನ, ಮುಂದೆ ಸೇಂಟ್ ಮಾರ್ಟಿನ್ ಶಿಲುಬೆ, 1200 ವರ್ಷದಿಂದ ಮಳೆ ಗಾಳಿಯಲ್ಲಿ ನಿಂತದ್ದು. ಪ್ರವಾಸಿಗರ ಕಾರು ಬಿಡುವುದಿಲ್ಲ, ಹೆಚ್ಚುಕಡಿಮೆ ಸಮತಟ್ಟು, ವಯಸ್ಸಾದವರಿಗೆ ಸುಲಭ. ಉತ್ತರದ ತುದಿಯಲ್ಲಿ ಬಿಳಿ ಮರಳಿನ ಬೀಚ್ ಉಂಟು, ಅಲ್ಲಿ ತನಕ ನಡೀರಿ.

ನಮ್ಮ ಅತ್ತೆ ಬಂದಾಗ ಯಾರೂ ಹೇಳದೆಯೇ ಅಬೆಯ ಬಾಗಿಲಲ್ಲಿ ಚಪ್ಪಲಿ ಬಿಚ್ಚಿದ್ರು. ಅಲ್ಲಿದ್ದ ಹೆಂಗಸು ಬೇಡ ತಣ್ಣಗಿದೆ ಅಂದ್ರೂ ಕೇಳ್ಲಿಲ್ಲ, ಸಾಕ್ಸಿನಲ್ಲೇ ಒಳಗೆ ಸುತ್ತಿ ಬಂದು, ಶೃಂಗೇರಿ ಕಲ್ಲಿನ ತಣ್ಪು ಹೀಗೇ ಇರುವುದು ಅಂದ್ರು.

ಸ್ಟಾಫಾ ಅಂದ್ರೆ ನಮ್ಮ ಸೇಂಟ್ ಮೇರೀಸ್ ದ್ವೀಪದ ಹಾಗೇ ಅಂತಾರೆ, ಹೌದಾ?

ಹೌದು, ಇದು ನನಗೆ ತುಂಬ ಇಷ್ಟದ ಪ್ರಶ್ನೆ. ಮಲ್ಪೆಯಿಂದ ಬೋಟಿನಲ್ಲಿ ಹೋಗಿ ಆ ಕಂಬ ಕಂಬದ ಕಲ್ಲಿನ ಮೇಲೆ ಕೂತವರಿಗೆ ಸ್ಟಾಫಾ ನೋಡಿದ ಕೂಡ್ಲೇ ಗುರ್ತ ಹತ್ತುತ್ತದೆ. ಕೆಲಸ ಒಂದೇ: ಲಾವಾ ದಪ್ಪಕ್ಕೆ ಹರಿದು ನಿಂತು ನಿಧಾನ ತಣ್ಣಗಾಗುವಾಗ ಕುಗ್ಗುತ್ತದೆ, ಕೆರೆ ಒಣಗಿದಾಗ ಕೆಸರು ಬಿರಿದು ಚೌಕ ಚೌಕ ಆಗ್ತದಲ್ಲ ಹಾಗೆ ಬಿರುಕು ಬಿಟ್ಟು ಮೇಲಿಂದ ಕೆಳಗೆ ಇಳೀತದೆ, ಹೆಚ್ಚಿನವು ಆರು ಮೂಲೆಯ ಕಂಬ. ನಮ್ಮ ಸೇಂಟ್ ಮೇರೀಸ್ ಮಡಗಾಸ್ಕರ್ ಭಾರತದಿಂದ ಬೇರೆ ಆಗುವ ಹೊತ್ತಿನದು, ಸುಮಾರು 8.8 ಕೋಟಿ ವರ್ಷ ಹಳೇದು. ಸ್ಟಾಫಾದ್ದು ಅದಕ್ಕಿಂತ ಚಿಕ್ಕ ಪ್ರಾಯ, ಸುಮಾರು 6 ಕೋಟಿ, ಉತ್ತರ ಅಟ್ಲಾಂಟಿಕ್ ತೆರೆದುಕೊಳ್ಳುವ ಕಾಲದ್ದು. ಭೂಮಿ ಹರಿದಲ್ಲಿ ಎರಡೂ ಕಡೆ ಇಂಥ ಕಲ್ಲು ಹುಟ್ಟಿದೆ ನೋಡಿ.

ವ್ಯತ್ಯಾಸ ಗಾತ್ರದ್ದು. ಸೇಂಟ್ ಮೇರೀಸಿನಲ್ಲಿ ಕಂಬಗಳ ಮೇಲೆ ಹತ್ತಿ ಆಡ್ಬಹುದು, ಸ್ಟಾಫಾದಲ್ಲಿ ಕಂಬಗಳು ಕಟ್ಟಡದಷ್ಟು ಎತ್ತರ, ಮಧ್ಯದಲ್ಲಿ ಫಿಂಗಲ್ಸ್ ಕೇವ್ ಅನ್ನುವ ಗುಹೆ ಸುಮಾರು 70 ಮೀಟರ್ ಒಳಗೆ ಹೋಗ್ತದೆ. ಗೇಲಿಕ್ಕಿನಲ್ಲಿ ಅದಕ್ಕೆ ಇಂಪಾದ ಗುಹೆ ಅಂತ ಹೆಸರು. ಒಳಗೆ ಅಲೆ ಬಂದು ತುದಿಗೆ ಬಡಿದಾಗ ಮೊದಲು ಎದೆಗೆ ತಾಗ್ತದೆ, ಆಮೇಲೆ ಕಿವಿಗೆ. ಜರ್ಮನಿಯ ಸಂಗೀತಗಾರ ಮೆಂಡೆಲ್ಸನ್ 1829ರಲ್ಲಿ ಇಲ್ಲಿಗೆ ಬಂದಿದ್ರು, ಅವರ ಹೆಬ್ರಿಡೀಸ್ ಓವರ್ಚರ್ ಅನ್ನುವ ವಾದ್ಯಸಂಗೀತ ಈ ಪ್ರವಾಸದಿಂದ ಹುಟ್ಟಿದ್ದು. ನಾನು ಅಮ್ಮನ ಜೊತೆ ಹೋದಾಗ ಅಮ್ಮ ಒಂದು ಕಂಬದ ಮೂಲೆ ಮೂಲೆ ಬೆರಳಲ್ಲಿ ಎಣಿಸಿ, ಇದಕ್ಕೆ ಐದೇ ಉಂಟು ಅಂತ ತೋರಿಸಿದ್ರು. ಹೌದು, ಐದರದ್ದೂ ಇರ್ತದೆ, ಏಳರದ್ದೂ ಇರ್ತದೆ.

ಬೋಟಿನಿಂದ ಇಳಿದ ಮೇಲೆ ಕಡಿದಾದ ಮೆಟ್ಟಿಲು, ಗುಹೆಗೆ ಹೋಗುವ ದಾರಿ ಒದ್ದೆ ಕಲ್ಲು, ಒಂದು ಕಡೆ ಹಿಡ್ಕೊಳ್ಳಲಿಕ್ಕೆ ಹಗ್ಗದ ಹಾಗೆ ಕಂಬಿ. ಗ್ರಿಪ್ ಇರುವ ಶೂ ಬೇಕೇಬೇಕು. ಏಪ್ರಿಲ್ ಕೊನೆಯಿಂದ ಜುಲೈ ತನಕ ಹೋದ್ರೆ ಪಫಿನ್ ಹಕ್ಕಿಗಳು ಇರ್ತವೆ, ಆಗಸ್ಟ್ ಶುರುವಿನಲ್ಲಿ ಅವು ಸಮುದ್ರಕ್ಕೆ ಹೋಗಿಬಿಡ್ತವೆ. ಹುಲ್ಲಿನ ಮೇಲೆ ಅಲ್ಲಾಡದೆ ಕೂತ್ರೆ ಅವೇ ಹತ್ತಿರ ಬರ್ತವೆ.

ಈ ಕಡೆಗೂ ನಮ್ಮ ಕರ್ನಾಟಕಕ್ಕೂ ಏನಾದ್ರೂ ಸಂಬಂಧ ಉಂಟಾ?

ಉಂಟು, ತುಂಬ ಜನರಿಗೆ ಗೊತ್ತಿಲ್ಲ. ಮಲ್ ದ್ವೀಪಕ್ಕೆ ತಾಗಿ ಅಲ್ವಾ ಅಂತ ಸಣ್ಣ ದ್ವೀಪ. ಅಲ್ಲಿ 1762ರಲ್ಲಿ ಹುಟ್ಟಿದ ಲಾಖ್ಲನ್ ಮಕ್ವಾರಿ ಮುಂದೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿಗೆ ಗವರ್ನರ್ ಆದ. ಆದ್ರೆ ಅದಕ್ಕಿಂತ ಮೊದಲು ಅವನು ಇದ್ದದ್ದು ನಮ್ಮಲ್ಲಿ, ಟಿಪ್ಪು ವಿರುದ್ಧ ಬ್ರಿಟಿಷ್ ಸೈನ್ಯದಲ್ಲಿ, 1792ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ 1799ರದ್ದರಲ್ಲೂ. ಮಲ್ ದ್ವೀಪದ ಗ್ರೂಲಿನ್ ಹತ್ತಿರ ಹೊಲದ ಮಧ್ಯೆ ಅವನ ಸಮಾಧಿ ಉಂಟು, ಮರಗಳ ನಡುವೆ ಸಣ್ಣ ಕಲ್ಲಿನ ಕಟ್ಟಡ. ಆ ಕೋಟೆ ಬಿದ್ದಾಗ ನಮ್ಮವರು ಎಷ್ಟು ಜನ ಸತ್ರು ಅಂತ ನೆನಪಾಗಿ ನನಗೆ ಅಲ್ಲಿ ಫೋಟೋ ತೆಗೀಲಿಕ್ಕೆ ಮನಸ್ಸಾಗ್ಲಿಲ್ಲ, ಸುಮ್ಮನೆ ನಿಂತು ಬಂದೆ.

ದೂರ ಹೋಗ್ಲಿಕ್ಕೆ ಆಗುವುದಿಲ್ಲ, ಹತ್ತಿರದಲ್ಲೇ ಒಂದು ದ್ವೀಪ ಹೇಳಿ.

ಕೆರೆರಾ. ಪೇಟೆಯಿಂದ 3 ಕಿ.ಮೀ. ದಕ್ಷಿಣಕ್ಕೆ ಗ್ಯಾಲನಖ್ ಅನ್ನುವಲ್ಲಿಂದ ಸಣ್ಣ ಫೆರ್ರಿ, ಐದು ನಿಮಿಷ. ಮಣ್ಣಿನ ದಾರಿಯಲ್ಲಿ ನಡೀತಾ ಹೋದ್ರೆ ತುದಿಯಲ್ಲಿ ಬಂಡೆಯ ನೆತ್ತಿಯ ಮೇಲೆ ಗೈಲನ್ ಕೋಟೆ, 1582ರದ್ದು, ಸಣ್ಣ ಗೋಪುರ ಅಷ್ಟೇ, ಆದ್ರೆ ಮೂರು ಕಡೆ ಸಮುದ್ರ. 1249ರಲ್ಲಿ ಎರಡನೇ ಅಲೆಕ್ಸಾಂಡರ್ ರಾಜ ದ್ವೀಪಗಳನ್ನು ಗೆಲ್ಲಲಿಕ್ಕೆ ಹಡಗು ತಗೊಂಡು ಬಂದವನು ಈ ದ್ವೀಪದಲ್ಲೇ ಜ್ವರ ಬಂದು ಸತ್ತ. ಪೂರ್ತಿ ಸುತ್ತಲಿಕ್ಕೆ ಮೂರು ಗಂಟೆ, ನೀರು ತಿಂಡಿ ಕಟ್ಕೊಂಡು ಹೋಗಿ.

ಇನ್ನೊಂದು, ಫೆರ್ರಿ ಹತ್ತುವ ಈ ಗ್ಯಾಲನಖ್ ದಡಕ್ಕೇ 1956ರಲ್ಲಿ ಅಟ್ಲಾಂಟಿಕ್ ಸಮುದ್ರದಡಿಯ ಮೊದಲ ಟೆಲಿಫೋನ್ ಕೇಬಲ್ ಕೆನಡಾದಿಂದ ಬಂದು ಮುಟ್ಟಿದ್ದು. ಇಂಥ ಮೂಲೆಯ ಊರಿಗೆ.

ಕಾರು ಉಂಟು, ಅರ್ಧ ದಿನ ಉಂಟು. ಎಲ್ಲಿಗೆ?

ದಕ್ಷಿಣಕ್ಕೆ ಹೋದ್ರೆ ಕ್ಲಾಖನ್ ಸೇತುವೆ, 1790ರ ದಶಕದ್ದು, ಒಂದೇ ಕಮಾನು, ಬೇಸಿಗೆಯಲ್ಲಿ ಕಲ್ಲಿನ ಸಂದಿಯಲ್ಲೆಲ್ಲ ನೇರಳೆ ಹೂವು. ಕೆಳಗಿನ ನೀರು ಅಟ್ಲಾಂಟಿಕ್ಕಿಗೆ ಸೇರಿದ ಕಿರುಗಾಲುವೆ, ಅದಕ್ಕೇ ಇದನ್ನು ಅಟ್ಲಾಂಟಿಕ್ ಸೇತುವೆ ಅಂತಾರೆ. ದಾಟಿದ್ರೆ ಸೀಲ್ ದ್ವೀಪ, ತುದಿಯಿಂದ ಬೋಟಿನಲ್ಲಿ ಈಸ್ಡೇಲ್. ನಮ್ಮಲ್ಲಿ ಮಂಗಳೂರು ಹೆಂಚು ಹೇಗೋ ಹಾಗೆ ಒಂದು ಕಾಲದಲ್ಲಿ ಈ ಕಡೆಯ ಸ್ಲೇಟ್ ಕಲ್ಲು ದೂರದೂರದ ಮಾಡಿಗೆ ಹೋಗ್ತಿತ್ತು. 1881ರ ದೊಡ್ಡ ಬಿರುಗಾಳಿಯಲ್ಲಿ ಸಮುದ್ರ ಕ್ವಾರಿಯೊಳಗೆ ನುಗ್ಗಿತು, ಆ ಹೊಂಡಗಳು ಈಗ ನೀಲಿ ಕೊಳ. ಚಪ್ಪಟೆ ಕಲ್ಲನ್ನು ನೀರಿನ ಮೇಲೆ ಕುಪ್ಪಳಿಸುವ ವರ್ಲ್ಡ್ ಚಾಂಪಿಯನ್‌ಶಿಪ್ ಸೆಪ್ಟೆಂಬರಿನಲ್ಲಿ ಅದರಲ್ಲೇ ನಡೆಯುವುದು.

ಉತ್ತರಕ್ಕೆ 8 ಕಿ.ಮೀ. ಹೋದ್ರೆ ಕಾನಲ್ ಸೇತುವೆ, ಅದರ ಕೆಳಗೆ ಲೋರಾ ಅಬ್ಬಿ. ಇದು ಸಮುದ್ರದಲ್ಲೇ ಆಗುವ ಅಬ್ಬಿ ಮಾರಾಯ್ರೆ! ಇಳಿತದ ಹೊತ್ತಿಗೆ ಹೊರಗಿನ ಸಮುದ್ರ ಬೇಗ ಇಳೀತದೆ, ಒಳಗಿನ ಹಿನ್ನೀರು ಇನ್ನೂ ಮೇಲೆಯೇ ಇರ್ತದೆ, ಆ ನೀರೆಲ್ಲ ಕಿರಿದಾದ ಬಾಯಲ್ಲಿ ಬಂಡೆ ಹಾರಿ ಹೊರಗೆ ಧುಮುಕ್ತದೆ. ಅಮಾಸೆ ಹುಣ್ಣಿಮೆ ಕಳೆದ ಒಂದೆರಡು ದಿನದಲ್ಲಿ ಜೋರು. ಟೈಡ್ ಟೇಬಲ್ ನೋಡಿ ಹೋಗಿ, ತಪ್ಪು ಹೊತ್ತಿಗೆ ಹೋದ್ರೆ ಸಪಾಟು ನೀರು ಅಷ್ಟೇ.

ಗ್ಲೆನ್ಕೋ ಕಣಿವೆಗೂ ಒಂದು ಗಂಟೆ ದಾರಿ.

ವೆಜ್ ತಿನ್ನುವವರ ಕಥೆ ಎಂತ?

ಉಪವಾಸ ಬೀಳುವುದಿಲ್ಲ. ಇಂಡಿಯನ್ ರೆಸ್ಟೋರೆಂಟ್ ಉಂಟು, ಸೂಪರ್ ಮಾರ್ಕೆಟಿನಲ್ಲಿ ಅಕ್ಕಿ, ಬೇಳೆ, ಮೊಸರು ಎಲ್ಲ ಸಿಗ್ತದೆ, ಅಡಿಗೆಮನೆ ಇರುವ ರೂಮ್ ಹಿಡಿದ್ರೆ ಹಿರಿಯರಿಗೆ ಒಂದು ಹೊತ್ತು ಗಂಜಿ ಊಟ ಮಾಡಿಕೊಡ್ಬಹುದು. ವೆಜ್ ಹ್ಯಾಗಿಸ್ ಅಂತ ಓಟ್ಸು, ಬೇಳೆ, ಬೀನ್ಸಿನದ್ದು ಸಿಗ್ತದೆ, ಕಾಳುಮೆಣಸಿನ ಖಾರ ಇರ್ತದೆ, ನನ್ನ ಅಮ್ಮನಿಗೆ ಹಿಡಿಸ್ತು. ಟ್ಯಾಟಿ ಸ್ಕೋನ್ ಅಂದ್ರೆ ಬಟಾಟೆ ಹಿಟ್ಟಿನ ದಪ್ಪ ರೊಟ್ಟಿ.

ಎರಡು ಕಡೆ ಹುಷಾರು. ಬೇಳೆ ಸೂಪ್ ಅಂತ ಬರೆದಿದ್ರೂ ಸ್ಕಾಟ್ಲೆಂಡಿನಲ್ಲಿ ಅದನ್ನು ಹಂದಿ ಎಲುಬಿನ ನೀರಲ್ಲಿ ಬೇಯಿಸುವ ರೂಢಿ ಉಂಟು, ಕೇಳಿಯೇ ಆರ್ಡರ್ ಮಾಡಿ. ಚಿಪ್ಸನ್ನೂ ಕೆಲವು ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರೀತಾರೆ. ಕೇಳಿದ್ರೆ ಯಾರೂ ಬೇಜಾರು ಮಾಡುವುದಿಲ್ಲ, ಸರಿಯಾಗಿ ಹೇಳ್ತಾರೆ.

ಮೀನು?

ಫೆರ್ರಿ ದಕ್ಕೆಯ ಹತ್ತಿರ ಹಸಿರು ಬಣ್ಣದ ಶೆಡ್ ಕಾಣ್ತದೆ, ನಿಂತೇ ತಿನ್ನುವ ಜಾಗ. ಏಡಿ, ಸಿಗಡಿ, ಚಿಪ್ಪಿನ ಒಳಗಿನದ್ದು, ಎಲ್ಲ ಆ ಕಡೆಯ ಸಮುದ್ರದ್ದೇ. ಮಸಾಲೆ ಹುಡುಕ್ಬೇಡಿ, ಬೆಣ್ಣೆ ಬೆಳ್ಳುಳ್ಳಿ ಲಿಂಬೆ ಅಷ್ಟೇ, ಆದ್ರೆ ತಾಜಾ ಅಂದ್ರೆ ಎಂತ ಅಂತ ನಮಗೆ ಹೇಳಿಕೊಡ್ಬೇಕಾ. ನೀಲಿಕಲ್ಲು ಅನ್ನುವ ಚಿಪ್ಪುಮೀನು ಒಂದು ಬಟ್ಟಲು ತಗೊಂಡು ಕೊನೆಗೆ ತಳದ ರಸಕ್ಕೆ ಬ್ರೆಡ್ ಅದ್ದಿ ತಿನ್ನಿ. ಅಂಗಡಿಯಲ್ಲಿ ಫಿಶ್ ಸಪ್ಪರ್ ಅಂದ್ರೆ ರಾತ್ರಿ ಊಟ ಅಲ್ಲ, ಮೀನಿನ ಜೊತೆ ಚಿಪ್ಸ್ ಅಂತ ಅರ್ಥ. ಹೊರಗೆ ಕೂತು ತಿನ್ನುವಾಗ ಕಡಲಕಾಗೆಗಳು ಹಿಂದಿನಿಂದ ಬಂದು ಕೈಯಿಂದಲೇ ಎಗರಿಸ್ತವೆ, ಗೋಡೆಗೆ ಬೆನ್ನು ಕೊಟ್ಟು ಕೂರಿ.

ದುಡ್ಡು, ಫೋನ್, ಆಸ್ಪತ್ರೆ?

ಕಾರ್ಡ್ ಹೆಚ್ಚಿನ ಕಡೆ ನಡೀತದೆ. ಸ್ಕಾಟ್ಲೆಂಡಿನ ಮೂರು ಬ್ಯಾಂಕುಗಳು ತಮ್ಮದೇ ಪೌಂಡ್ ನೋಟು ಹಾಕ್ತವೆ, ಅಸಲಿಯೇ, ಹೆದರ್ಬೇಡಿ, ಆದ್ರೆ ಊರಿಗೆ ಹೊರಡುವ ಮೊದಲು ಖರ್ಚು ಮಾಡಿ ಮುಗಿಸಿ. ದ್ವೀಪಗಳಲ್ಲಿ ಸಿಗ್ನಲ್ ಹೋಗ್ತಾ ಬರ್ತಾ ಇರ್ತದೆ, ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಓಬನಿನಲ್ಲೇ ಆಸ್ಪತ್ರೆ ಉಂಟು, ಎಮರ್ಜೆನ್ಸಿಗೆ 999. ಹಿರಿಯರಿಗೆ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸದೆ ವಿಮಾನ ಹತ್ತಿಸ್ಬೇಡಿ.

ಎಲ್ಲ ಸರಿ, ಬಂದ ಮೂರೂ ದಿನ ಮಳೆ ಗಾಳಿ ಹಿಡಿದ್ರೆ?

ಆಗ್ತದೆ. ಅಪ್ಪ ಅಮ್ಮ ಬಂದಾಗ ಎರಡನೇ ದಿನ ಹಾಗೇ ಆಯ್ತು, ಬೋಟ್ ಇಲ್ಲ ಅಂತ ಬೆಳಿಗ್ಗೆಯೇ ಮೆಸೇಜ್ ಬಂತು. ಸಮುದ್ರದ ಪಕ್ಕದಲ್ಲೇ ಇರುವ ವಾರ್ ಅಂಡ್ ಪೀಸ್ ಮ್ಯೂಸಿಯಂಗೆ ಹೋದೆವು, ಟಿಕೆಟ್ ಇಲ್ಲ, ಎರಡನೇ ಮಹಾಯುದ್ಧದಲ್ಲಿ ನೀರಿನ ಮೇಲೆ ಇಳಿಯುವ ವಿಮಾನಗಳಿಗೆ ಈ ಕೊಲ್ಲಿ ನೆಲೆ ಆಗಿತ್ತು, ಅದರ ಫೋಟೋ ಸಾಮಾನು ಎಲ್ಲ ಇಟ್ಟಿದ್ದಾರೆ. ಮಧ್ಯಾಹ್ನ ಮೇಲೆ ದಕ್ಕೆ ಎದುರಿನ ಒಂದು ಕೆಫೆಯಲ್ಲಿ ಕಿಟಕಿ ಬದಿ ಮೂರು ಚಾ ಹೇಳಿ ಕೂತೆವು. ಗ್ಲಾಸಿನ ಹೊರಗೆ ಮಳೆ ಅಡ್ಡಡ್ಡ ಬೀಳ್ತಾ ಇತ್ತು. ನಾಲ್ಕು ಗಂಟೆ ಹೊತ್ತಿಗೆ ಗಾಳಿ ಸ್ವಲ್ಪ ತಗ್ಗಿತು, ಕೆರೆರಾದ ಮೂಲೆಯಿಂದ ಕಪ್ಪು ಬಿಳಿ ಫೆರ್ರಿ, ಮೇಲೆ ಕೆಂಪು ಚಿಮಣಿ, ನಿಧಾನ ಬಂದು ದಕ್ಕೆಗೆ ತಾಗಿತು. ನಲವತ್ತು ವರ್ಷ ಮಲ್ಪೆಯಲ್ಲಿ ಐಸ್ ಪ್ಲಾಂಟಿನಲ್ಲಿ ದುಡಿದ ಅಪ್ಪ, ದಕ್ಕೆಯ ಹುಡುಗ ಹಗ್ಗ ಹಿಡಿದು ಗೂಟಕ್ಕೆ ಹಾಕುವುದನ್ನು ಕಣ್ಣು ಮಿಟುಕಿಸದೆ ನೋಡ್ತಾ ಇದ್ರು, ಹಾಕಿ ಆದ ಮೇಲೆ, ಸರೀ ಹಾಕಿದ, ಅಂತ ಹೇಳಿ ಚಾ ಕುಡಿದ್ರು.